ಪ್ರಶ್ನೋತ್ತರ: ಅಲೆಯ ತುಂತುರು ಗಾಳಿಗೆ ಬಿಸಿ ಕೊಡುತ್ತದಾ, ತಂಪು ಮಾಡುತ್ತದಾ?

(ಮಲೆನಾಡಿನ ಮಳೆ ಗುಂಪು. ಕೇಳುವವರಿಗೆ ಅವರವರ ಊರಿನ ಹೆಸರು. ಉತ್ತರ ಕೊಡುವವರು ಸಮುದ್ರ ಹವಾಮಾನ ಓದಿದ ಮೇಡಂ.)

ತೀರ್ಥಹಳ್ಳಿ: ಮೇಡಂ, ತುಂತುರು ಆವಿಯಾದರೆ ಗಾಳಿ ತಣ್ಣಗಾಗಬೇಕಲ್ವಾ? ಹಾಗಿದ್ದರೆ ಚಂಡಮಾರುತ ಅಷ್ಟು ತುಂತುರು ಎಬ್ಬಿಸಿಯೂ ಯಾಕೆ ಸೋಲುವುದಿಲ್ಲ?

ಮೇಡಂ: ಇದು ಪ್ರಶ್ನೆ! ಗಾಳಿ ಜೋರಾದಾಗ ಅಲೆಯ ತುದಿಯೇ ಹರಿದು ಹನಿಯಾಗಿ ಹಾರುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ತ್ರಿಜ್ಯದ ಹನಿ ಅಂದುಕೊಳ್ಳಿ. ನೀರು ಗಾಳಿಗಿಂತ ಬಿಸಿ ಇದ್ದರೆ, ಹೆಚ್ಚುಕಮ್ಮಿ ಒಂದು ಸೆಕೆಂಡಿನಲ್ಲೇ ಅದು ಬಿಸಿ ಬಿಟ್ಟು ಗಾಳಿಗಿಂತ ತುಸು ತಣ್ಣಗಾಗುತ್ತದೆ. ಆದರೆ ಆವಿಯಾಗಿ ಕುಗ್ಗುವುದಕ್ಕೆ ನಿಮಿಷಗಳೇ ಬೇಕು, ಅಷ್ಟು ಹೊತ್ತು ಅದೆಲ್ಲಿ ಮೇಲಿರುತ್ತದೆ, ಕೆಲವೇ ಸೆಕೆಂಡಿನಲ್ಲಿ ವಾಪಸ್ ನೀರಿಗೆ ಬೀಳುತ್ತದೆ. ಬಿಸಿಯಾಗಿ ಹೋದದ್ದು ತಣ್ಣಗೆ ಬಂತು. ಆ ಶಾಖ ಸಮುದ್ರದಿಂದ ಗಾಳಿಗೆ ದಾಟಿತು, ಚಂಡಮಾರುತಕ್ಕೆ ಅದೇ ಮೇವು. ತೀರ ಸಣ್ಣ ಹನಿಯದ್ದು ಬೇರೆ ಕಥೆ. ಅದು ಬೀಳುವುದೇ ಇಲ್ಲ, ನೀರು ಬಹುಪಾಲು ಆರಿ ಗಟ್ಟಿ ಉಪ್ಪುನೀರಿನ ಚುಕ್ಕೆ ಉಳಿಯುತ್ತದೆ. ಆರುವುದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಗಾಳಿ ತಣ್ಣಗಾಗಿ ತೇವ ಜಾಸ್ತಿಯಾಗುತ್ತದೆ, ಒಟ್ಟು ಲಾಭ ಹತ್ತಿರಹತ್ತಿರ ಸೊನ್ನೆ. ಬಿರುಗಾಳಿಯಲ್ಲಿ ಯಾವ ಗಾತ್ರದ ಹನಿ ಎಷ್ಟು ಅಂತ ಅಳೆಯುವುದೇ ಕಷ್ಟ, ವಿಜ್ಞಾನಿಗಳ ಜಗಳ ಇರುವುದೂ ಅಲ್ಲೇ.

ಸಾಗರ: ಆ ಉಪ್ಪು ನಮ್ಮ ತೋಟಕ್ಕೂ ಬರುತ್ತದಾ?

ಮೇಡಂ: ಸಣ್ಣ ಕಣವಾಗಿ ಬರುತ್ತದೆ, ಮೋಡದ ಹನಿ ಕಟ್ಟುವುದಕ್ಕೆ ಅದೂ ಬೇಕು. ದೊಡ್ಡ ಹನಿ ಘಟ್ಟ ಹತ್ತುವುದಿಲ್ಲ.

ಕೊಪ್ಪ: "ಕೂಲರ್ ನೀರಿಗೆ ಕಲ್ಲುಪ್ಪು ಹಾಕಿ, ಕಡಲ ತಂಪು ಮನೆಯಲ್ಲೇ" ಅಂತ ಫಾರ್ವರ್ಡ್ ಬಂದಿದೆ.

ಮೇಡಂ: ಹಾಕಬೇಡಿ. ಸಮುದ್ರದ ನೀರಿನಲ್ಲಿ ಕೇಜಿಗೆ ಸುಮಾರು 35 ಗ್ರಾಂ ಉಪ್ಪಿದೆ, ಅದು ಸಿಹಿನೀರಿಗಿಂತ ನಿಧಾನವಾಗಿಯೇ ಆರುತ್ತದೆ. ತಂಪು ಹೆಚ್ಚುವುದಿಲ್ಲ, ಪ್ಯಾಡ್ ಮೇಲೆ ಬಿಳಿ ಹೆಪ್ಪು ಕಟ್ಟುತ್ತದೆ, ಪಂಪ್ ಹಾಳಾಗುತ್ತದೆ.

ಹೊಸನಗರ: ಅಡಿಕೆಗೆ ಉಪ್ಪುನೀರು ಹೊಡೆದರೆ ಕೊಳೆ ರೋಗ ಬರುವುದಿಲ್ಲವಂತೆ, ಅದೂ ಫಾರ್ವರ್ಡ್?

ಮೇಡಂ: ಸೋಗೆ ಸುಡುತ್ತದೆ. ಕಳಿಸಿದವರು ಮೊದಲು ಅವರ ತೋಟಕ್ಕೆ ಹೊಡೆಯಲಿ.

ತೀರ್ಥಹಳ್ಳಿ: ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಿರಿ ಮಾರಾಯ್ರೆ.

ಹೊಸನಗರ: ಹೊಡೆಯೋಕೆ ಮಳೆ ಬಿಡಬೇಕಲ್ಲ! ಹುಲಿಕಲ್ ಪಕ್ಕ ಇದ್ದು ನೋಡಿ.

ಆಗುಂಬೆ: ಮಳೆ ಅಂದರೆ ಆಗುಂಬೆ. ಸುಮ್ನೆ ಹುಲಿಕಲ್ ಅನ್ನಬೇಡಿ.

ಹೊಸನಗರ: ಅದು ಹಳೇ ಪಾಠ. ಈಗ ಹುಲಿಕಲ್ಲೇ ಮುಂದೆ.

ಆಗುಂಬೆ: ಯಾವ ವರ್ಷದ್ದು? ಲೆಕ್ಕ ಹಾಕಿ ನೋಡೋಣ.

ಶಿವಮೊಗ್ಗ: ಮೇಡಂ, 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಅದರಲ್ಲೂ ತುಂತುರಿನ ಪಾಲು ಇತ್ತಾ?

ಸೊರಬ: ಉಪ್ಪು ತೋಟಕ್ಕೆ ಬರುತ್ತದಾ ಮೇಡಂ?

ಮೇಡಂ: ಮೇಲೆ ಓದಿ.

ಕೊಪ್ಪ: ಕಲ್ಲುಪ್ಪಿನ ಬದಲು ಸೈಂಧವ ಲವಣ ಹಾಕಿದರೆ?

ಮೇಡಂ: ಉಪ್ಪು ಉಪ್ಪೇ ರೀ.

ಶಿವಮೊಗ್ಗ: ತೌಕ್ತೆ?

ಆಗುಂಬೆ: ಹೊಸನಗರದವರೇ, ಲೆಕ್ಕ ಎಲ್ಲಿ?

ಹೊಸನಗರ: ಕರೆಂಟ್ ಹೋಗಿದೆ. ಬಂದ ಮೇಲೆ ಹಾಕುತ್ತೇನೆ, ಅಲ್ಲಿವರೆಗೆ ಬಾಯಿ ಮುಚ್ಚಿ.