‘ಲೈನ್’ ಅಂದರೆ ಗೆರೆಯೋ, ಸಾಲೋ, ಹಗ್ಗವೋ?

ಅಂಗಿಯ ಕೊರಳಪಟ್ಟಿ ಒಳಗೆ ಒಂದು ಸಣ್ಣ ಚೀಟಿ ಹೊಲಿದಿರುತ್ತಾರಲ್ಲ, ಅದರಲ್ಲಿರುವ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ಈಚೆಗೆ ಕೈಗೆ ಬಂತು. ಇಂಗ್ಲಿಷಿನಲ್ಲಿ ‘ಲೈನ್ ಡ್ರೈ’ ಎಂದಿತ್ತು. ಮಷೀನ್ ಅನುವಾದ ‘ಸಾಲು ಒಣ’ ಎಂದು ಕೊಟ್ಟಿತ್ತು. ಅದನ್ನು ತಿದ್ದಿದವರು ‘ಸಾಲಾಗಿ ಒಣಗಿಸಿ’ ಎಂದು ಮಾಡಿದ್ದರು. ವ್ಯಾಕರಣ ಸರಿಹೋಯಿತು, ಅರ್ಥ ಸರಿಹೋಗಲಿಲ್ಲ. ಅಲ್ಲಿ ಲೈನ್ ಅಂದರೆ ಬಟ್ಟೆ ಒಣಹಾಕುವ ಹಗ್ಗ. ಡ್ರೈಯರ್‌ಗೆ ಹಾಕಬೇಡಿ, ಹಗ್ಗದ ಮೇಲೆ ಹರವಿ ಅಂತ ಅಷ್ಟೇ.

‘ಲೈನ್’ಗೆ ಕನ್ನಡದಲ್ಲಿ ಸರಿಯಾದ ಪದ ಯಾವುದು ಅಂತ ಆಗಾಗ ಕೇಳುತ್ತಾರೆ. ಉತ್ತರವೂ ತಟ್ಟನೆ ಬರುತ್ತದೆ. ಒಬ್ಬರು ಗೆರೆ ಅನ್ನುತ್ತಾರೆ, ಇನ್ನೊಬ್ಬರು ಸಾಲು, ಮತ್ತೊಬ್ಬರು ರೇಖೆ. ಮೂವರೂ ಸರಿಯೇ. ಆದರೆ ಪ್ರಶ್ನೆಯೇ ಸ್ವಲ್ಪ ಸೊಟ್ಟ ಅನ್ನುವುದು ನನ್ನ ಅಭಿಪ್ರಾಯ. ಲೈನ್ ಆ ಜಾಗದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡಬೇಕು.

ಇಂಗ್ಲಿಷಿನಲ್ಲಿ ಈ ಪದ ಶುರುವಾಗಿದ್ದು ಗೆರೆಯಿಂದಲ್ಲ, ದಾರದಿಂದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹಗ್ಗ, ಹುರಿ ಎಂಬ ಅರ್ಥವಿತ್ತು. ಆಮೇಲೆ ಫ್ರೆಂಚ್ ದಾರಿಯಲ್ಲಿ ಬಂದ ಲ್ಯಾಟಿನ್ನಿನ ‘ಲೀನೆಯಾ’ ಇದರ ಜೊತೆ ಸೇರಿಕೊಂಡಿತು. ‘ಲೀನೆಯಾ’ ಅಂದರೆ ಅಗಸೆ ನಾರಿನ ದಾರ. ಅಗಸೆ ಗಿಡಕ್ಕೆ ಲ್ಯಾಟಿನ್ನಿನಲ್ಲಿ ‘ಲೀನುಮ್’. ಲಿನನ್ ಬಟ್ಟೆ ಅದರದ್ದೇ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸಿ ಚಟ್ನಿಪುಡಿ ಹಾಕಿಕೊಳ್ಳುತ್ತಾರಲ್ಲ, ಅದೂ ಇದೇ ಗಿಡದ ಬೀಜ. ಟೈಲರ್ ‘ಬ್ಲೌಸಿಗೆ ಲೈನಿಂಗ್ ಹಾಕಲಾ?’ ಅಂತ ಕೇಳುವಾಗಿನ ಲೈನಿಂಗ್ ಕೂಡ ಇದೇ ಮನೆತನ. ಮೊದಲು ಉಡುಪಿನ ಒಳಮೈಗೆ ಲಿನನ್ ಕೊಡುತ್ತಿದ್ದರು, ಹೆಸರು ಉಳಿಯಿತು. ಈಗ ಯಾವ ಬಟ್ಟೆ ಕೊಟ್ಟರೂ ಲೈನಿಂಗೇ.

ದಾರ ಹೇಗೆ ಗೆರೆಯಾಯಿತು ಅಂತ ತಿಳಿಯಬೇಕಾದರೆ ಬಡಗಿಯ ಹತ್ತಿರ ನಿಂತು ನೋಡಬೇಕು. ಉದ್ದ ಹಲಗೆ ಕೊಯ್ಯುವ ಮೊದಲು ಒಂದು ದಾರವನ್ನು ಕೆಮ್ಮಣ್ಣು ಕಲಸಿದ ನೀರಲ್ಲಿ ಅದ್ದುತ್ತಾರೆ. ಈ ತುದಿಯನ್ನು ಒಬ್ಬರು ಹೆಬ್ಬೆರಳಲ್ಲಿ ಅದುಮಿ ಹಿಡಿದುಕೊಳ್ಳುತ್ತಾರೆ, ಆ ತುದಿಯನ್ನು ಇನ್ನೊಬ್ಬರು ಜಗ್ಗಿ ಬಿಗಿ ಮಾಡುತ್ತಾರೆ. ನಡುವೆ ಎರಡು ಬೆರಳಲ್ಲಿ ದಾರವನ್ನು ಮೇಲಕ್ಕೆತ್ತಿ ಬಿಡುತ್ತಾರೆ. ಟಪ್ ಅಂತ ಬಡಿಯುತ್ತದೆ. ದಾರ ತೆಗೆದರೆ ಕೆಳಗೆ ಕೆಂಪು ಗೆರೆ. ಗರಗಸ ಅದರ ಮೇಲೇ ಹೋಗುತ್ತದೆ. ಗಾರೆ ಕೆಲಸದಲ್ಲೂ ಅಷ್ಟೆ. ಎರಡು ಮೂಲೆಗೆ ದಾರ ಕಟ್ಟಿ, ಅದಕ್ಕೆ ತಾಗದ ಹಾಗೆ ಇಟ್ಟಿಗೆ ಕೂರಿಸುತ್ತಾ ಹೋಗುತ್ತಾರೆ. ‘ಲೈನ್ ತಪ್ಪಿದೆ’ ಅಂತ ಮೇಸ್ತ್ರಿ ಬೈದರೆ ಆತ ದಾರದ ಬಗ್ಗೆ ಹೇಳುತ್ತಿದ್ದಾನೋ, ನೆಟ್ಟಗಿಲ್ಲದ ಗೋಡೆಯ ಬಗ್ಗೆಯೋ? ಬಿಡಿಸಿ ಹೇಳುವುದು ಕಷ್ಟ. ಇಂಗ್ಲಿಷಿನಲ್ಲೂ ಹೀಗೇ ಎರಡು ಅರ್ಥ ಒಂದರೊಳಗೊಂದು ಬೆರೆತಿದ್ದು.

ಕನ್ನಡದ ‘ಸಾಲು’ ಮಾತ್ರ ಬೇರೆ ಕಡೆಯಿಂದ ಬಂದ ಪದ. ಅದು ಹೊಲದ್ದು. ನೇಗಿಲು ಹೋದ ಗುರುತಿಗೆ ಸಾಲು ಅನ್ನುತ್ತೇವೆ, ತಮಿಳಿನಲ್ಲಿ ಅದೇ ‘ಚಾಲ್’. ಅಲ್ಲಿಂದ ಸಾಲುಮರ, ಸಾಲುಮನೆ, ಪುಸ್ತಕದ ಸಾಲು ಎಲ್ಲ ಬಂದವು. ನಾವೊಬ್ಬರೇ ಹೀಗೆ ಯೋಚಿಸಿದ್ದೂ ಅಲ್ಲ. ಇಂಗ್ಲಿಷಿನ ‘ವರ್ಸ್’ ಇದೆಯಲ್ಲ, ಪದ್ಯ ಅನ್ನುವ ಅರ್ಥದ್ದು, ಅದರ ಮೂಲವಾದ ಲ್ಯಾಟಿನ್ ‘ವರ್ಸುಸ್’ಗೂ ನೇಗಿಲ ಸಾಲು ಎಂಬ ಅರ್ಥವಿತ್ತು. ಸಾಲಿನ ಕೊನೆಯಲ್ಲಿ ಎತ್ತು ತಿರುಗುವುದು ಆ ಪದದ ಒಳಗಿದೆ. ಬರಹವನ್ನೇ ಎತ್ತು ತಿರುಗಿದ ಹಾಗೆ ಬರೆದದ್ದೂ ಉಂಟು. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಹಳೆಯ ಗ್ರೀಕ್ ಶಾಸನಗಳಲ್ಲಿ ಇದು ಸಾಮಾನ್ಯ. ನಮ್ಮ ಪಕ್ಕದಲ್ಲೇ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕನ ಶಾಸನದಲ್ಲೂ ಕೆಲವು ಸಾಲುಗಳು ಹೀಗಿವೆ.

ಹಾಗಾದರೆ ದಾರದ ಅರ್ಥಕ್ಕೆ ಕನ್ನಡದಲ್ಲಿ ಯಾರಿದ್ದಾರೆ? ‘ಎಳೆ’ ಇದೆ. ‘ಸ್ಟೋರಿಲೈನ್’ ಅನ್ನುವುದಕ್ಕೆ ‘ಕಥಾರೇಖೆ’ ಅಂತ ಬರೆಯುವವರನ್ನು ನೋಡಿದ್ದೇನೆ. ಯಾಕೆ ಬೇಕು ಆ ಕಷ್ಟ? ‘ಕಥೆಯ ಎಳೆ’ ಅಂತ ನಾವು ಸುಮ್ನೆ ಮಾತಾಡುವಾಗಲೇ ಹೇಳುತ್ತೇವೆ. ಗಾಂಧಿನಗರದ ಭಾಷೆಯಲ್ಲಿ ‘ಒನ್ ಲೈನ್ ಹೇಳಿ’ ಅಂದರೂ ಅದೇ. ಪೂರ್ತಿ ಕಥೆ ಬೇಡ, ಎಳೆ ಹೇಳಿ. ಇನ್ನೊಂದು ‘ಸೂತ್ರ’. ದಾರವೂ ಅದೇ, ವ್ಯಾಕರಣದ ನಿಯಮವೂ ಅದೇ, ಗಾಳಿಪಟಕ್ಕೆ ಕಟ್ಟುವುದೂ ಅದೇ.

ಗೆರೆ ಮತ್ತು ರೇಖೆ ಒಂದೇ ಅಲ್ವಾ ಅಂತ ಕೇಳಬಹುದು. ಬಳಕೆಯಲ್ಲಿ ಒಂದೇ ಅಲ್ಲ. ಸ್ಲೇಟಿನ ಮೇಲೆ ಎಳೆದದ್ದು ಗೆರೆ, ಸೀರೆಯ ಮೇಲಿರುವುದು ಗೆರೆ, ವಯಸ್ಸಾದ ಮೇಲೆ ಹಣೆಯ ಮೇಲೆ ಬರುವುದೂ ಗೆರೆ. ಬಡತನಕ್ಕೆ ಮಾತ್ರ ರೇಖೆ. ಗಡಿಗೂ ರೇಖೆ. ಕಾಶ್ಮೀರದ ಕದನ ವಿರಾಮ ರೇಖೆ 1972ರ ಸಿಮ್ಲಾ ಒಪ್ಪಂದದ ನಂತರ ನಿಯಂತ್ರಣ ರೇಖೆಯಾಯಿತು. ಯಾವ ಪತ್ರಿಕೆಯೂ ಅದನ್ನು ‘ನಿಯಂತ್ರಣ ಗೆರೆ’ ಎಂದು ಬರೆಯಲಿಲ್ಲ. ನನಗೆ ಅನ್ನಿಸುವುದು, ಗೆರೆ ಕಣ್ಣಿಗೆ ಕಾಣಬೇಕು, ರೇಖೆ ಕಾಣದಿದ್ದರೂ ನಡೆಯುತ್ತದೆ. ಕೈಯ ಗೆರೆ ಇದಕ್ಕೆ ಹೊರತು. ಅದು ನಮ್ಮ ಕೈಯಲ್ಲಿರುವಾಗ ಗೆರೆ, ಜ್ಯೋತಿಷಿಯ ಕೈಗೆ ಸಿಕ್ಕಿದ ಕೂಡಲೇ ರೇಖೆ. ಅಂದಹಾಗೆ ‘ಬಿಪಿಎಲ್ ಕಾರ್ಡ್’ನ ಕೊನೆಯ ಅಕ್ಷರವೂ ಲೈನೇ. ರೇಷನ್ ಅಂಗಡಿ ಮುಂದೆ ಲೈನ್‌ನಲ್ಲಿ ನಿಂತು ‘ನಮ್ದು ಬಿಪಿಎಲ್’ ಅನ್ನುವಾಗ ಒಂದೇ ಪದ ಎರಡು ಸಲ, ಎರಡು ಅರ್ಥದಲ್ಲಿ ಬಂದುಹೋಗಿರುತ್ತದೆ.

ಆ ನಿಲ್ಲುವ ಲೈನ್ ವಿಷಯ. ಅಮೆರಿಕದವರು ಅದನ್ನು ಲೈನ್ ಅನ್ನುತ್ತಾರೆ, ಬ್ರಿಟನ್ನಿನವರು ಕ್ಯೂ. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ. ‘ಸರತಿ ಸಾಲು’ ಪತ್ರಿಕೆಯ ಕನ್ನಡ, ಕೆಟ್ಟದ್ದೇನಲ್ಲ. ಆದರೆ ಹುಬ್ಬಳ್ಳಿ ಕಡೆಯ ‘ಪಾಳಿ ಹಚ್ಚಿ ನಿಂತಾರ’ ಕೇಳಿದ ಮೇಲೆ ಸರತಿ ಸಾಲು ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಪಾಳಿಯಲ್ಲಿ ಸಾಲೂ ಇದೆ, ನಿಮ್ಮ ಸರದಿಯೂ ಇದೆ.

ಈಗ ಕನ್ನಡದ ಸ್ವಂತ ಆಸ್ತಿಯಾಗಿರುವ ಲೈನ್‌ಗಳ ಕಡೆ ಬರೋಣ. ಇವನ್ನು ಇಂಗ್ಲಿಷ್ ನಿಘಂಟು ನೋಡಿ ಅರ್ಥ ಮಾಡಿಕೊಳ್ಳಲು ಹೋದರೆ ಕೆಲಸ ಕೆಡುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ‘ಲೈನ್ ಮನೆ’ ಇದೆ. ಒಂದೇ ಸೂರಿನ ಕೆಳಗೆ ಅಂಟಿಕೊಂಡಂತೆ ಕಟ್ಟಿದ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಕೂಲಿ ಸಂಸಾರ. ‘ಲೈನಲ್ಲಿ ಇರೋರು’ ಅಂದರೆ ಅಲ್ಲಿ ಯಾರಿಗೂ ಕ್ಯೂ ನೆನಪಾಗುವುದಿಲ್ಲ. ಶ್ರೀಲಂಕಾದ ಟೀ ತೋಟಗಳಲ್ಲೂ ಇವು ಲೈನ್ ಕೋಣೆಗಳೇ. ಕೇರಳದ ತೋಟಗಳಲ್ಲಿ ಈ ಪದ ‘ಲಯಂ’ ಆಗಿ, ಹೆಚ್ಚುಕಡಿಮೆ ಸಂಸ್ಕೃತದ ವೇಷ ಹಾಕಿಕೊಂಡಿದೆ. ತೋಟದ ಕೆಲಸಗಾರರಿಗೆ ಮಾಲೀಕರು ಮನೆ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತು. ಆದರೆ ಲೈನ್ ಮನೆಗಳು ಅದಕ್ಕಿಂತ ಹಳೆಯವು. ಸೈನಿಕರ ಗುಡಾರ, ಪೊಲೀಸರ ವಸತಿ, ಎಲ್ಲವನ್ನೂ ಸಾಲಾಗಿ ಕಟ್ಟಿ ‘ಲೈನ್ಸ್’ ಎಂದು ಕರೆಯುವುದು ಬ್ರಿಟಿಷರ ರೂಢಿ. ದಿಲ್ಲಿಯ ಸಿವಿಲ್ ಲೈನ್ಸ್ ಕೂಡ ಹಾಗೇ ಬಂದದ್ದು. ಅದೇ ಪದ ಅಲ್ಲಿ ಸಾಹೇಬರ ಬಂಗಲೆಗೆ, ಇಲ್ಲಿ ಕೂಲಿಯ ಒಂಟಿ ಕೋಣೆಗೆ. ಅನುವಾದ ಮಾಡುವವರು ಲೈನ್ ಮನೆಯನ್ನು ‘ಸಾಲುಮನೆ’ ಮಾಡಬೇಡಿ ಅಂತ ನನ್ನ ಕೋರಿಕೆ. ಸಾಲುಮನೆ ಯಾವ ಊರಲ್ಲೂ ಇರುತ್ತದೆ. ಲೈನ್ ಮನೆ ಅಂದಾಗ ಅಲ್ಲೊಂದು ತೋಟ, ಲೆಕ್ಕ ಬರೆಯುವ ಒಬ್ಬ ರೈಟರ್, ಬೆಳಗಿನ ಹಾಜರಿ ಎಲ್ಲ ಕಾಣುತ್ತದೆ.

ಕರೆಂಟಿನ ಲೈನ್ ಇನ್ನೂ ಹತ್ತಿರದ್ದು. ಮಳೆಗಾಲದಲ್ಲಿ ಮಲೆನಾಡಿಗೆ ಫೋನ್ ಮಾಡಿ ನೋಡಿ. ‘ಲೈನ್ ಮೇಲೆ ಮರ ಬಿದ್ದಿದೆ, ಲೈನ್‌ಮ್ಯಾನ್ ಬಂದಿಲ್ಲ’ ಅನ್ನುವ ಮಾತು ಕೇಳಿಸದೆ ಇರುವುದಿಲ್ಲ. ಇಲಾಖೆಯ ಕಾಗದದಲ್ಲಿ ಈಗ ಅವರು ‘ಪವರ್‌ಮ್ಯಾನ್’. ಜನ ಅದಕ್ಕೆ ಕಿವಿಗೊಟ್ಟಿಲ್ಲ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ‘ಎಲ್‌ಸಿ’ ತಗೊಳ್ಳಬೇಕು, ಅಂದರೆ ‘ಲೈನ್ ಕ್ಲಿಯರ್’. ಆ ತಂತಿಯಲ್ಲಿ ಕರೆಂಟ್ ಇಲ್ಲ, ಕೆಲಸ ಮುಗಿಯುವವರೆಗೆ ಬಿಡುವುದೂ ಇಲ್ಲ ಅನ್ನುವ ಖಾತ್ರಿ ಅದು. ರೈಲಿನವರ ಬಾಯಲ್ಲೂ ಇದೇ ಮಾತಿದೆ. ಮುಂದಿನ ಸ್ಟೇಷನ್ನು ‘ಲೈನ್ ಕ್ಲಿಯರ್’ ಕೊಡದೆ ಈ ಸ್ಟೇಷನ್ನಿನವರು ಗಾಡಿ ಬಿಡುವ ಹಾಗಿಲ್ಲ. ಒಂದು ಕಡೆ ತಂತಿ, ಇನ್ನೊಂದು ಕಡೆ ಹಳಿ. ಎರಡರಲ್ಲೂ ಅದು ಜೀವ ಉಳಿಸುವ ಮಾತು. ಪತ್ರಿಕೆಯ ತಲೆಬರಹದಲ್ಲಿ ‘ನೇಮಕಾತಿಗೆ ಲೈನ್ ಕ್ಲಿಯರ್’ ಅಂತ ಬಂದಾಗ ಅದು ಬರೀ ‘ಅಡ್ಡಿ ನಿವಾರಣೆ’ ಆಗಿರುತ್ತದೆ. ಇದನ್ನು ಕನ್ನಡಿಸುವುದಾದರೆ ‘ದಾರಿ ಸುಗಮ’ ಸಾಕು.

ಉಳಿದವು ಬೇಗ ನೋಡಿಬಿಡೋಣ. ‘ಯಾವ ಲೈನ್‌ನಲ್ಲಿದ್ದೀರಿ?’ ಅಂದರೆ ಕಸುಬು. ‘ಈ ಲೈನ್‌ನಲ್ಲಿ ಕಲೆಕ್ಷನ್ ಇಲ್ಲ’ ಅಂತ ಕಂಡಕ್ಟರ್ ಅಂದರೆ ಬಸ್ಸಿನ ದಾರಿ. ‘ಲೈನಿಗೆ ಹೋಗಿದ್ದಾನೆ’ ಅಂತ ಹೋಲ್‌ಸೇಲ್ ಅಂಗಡಿಯವರು ಅಂದರೆ ಹುಡುಗ ವ್ಯಾನಿನಲ್ಲಿ ಸರಕು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಲು ಹೋಗಿದ್ದಾನೆ. ‘ಲೈನಿಗೆ ಬಂದ’ ಅಂದರೆ ದಾರಿಗೆ ಬಂದ. ‘ಲೈನ್ ಸಿಗ್ತಾ ಇಲ್ಲ’ ಅನ್ನುವುದು ಫೋನಿಗೆ ತಂತಿಯೇ ಇಲ್ಲದ ಈ ಕಾಲದಲ್ಲೂ ನಿಂತಿಲ್ಲ. ‘ಲೈನ್ ಹೊಡೀತಾನೆ’ ಅನ್ನುವುದಕ್ಕೆ ವಿವರಣೆ ಬೇಕಿಲ್ಲ. ಲಂಡನ್ನಿನಲ್ಲಿ ಹಾಗೇ ಪದಕ್ಕೆ ಪದ ಇಟ್ಟು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಅಷ್ಟೆ. ‘ಆನ್‌ಲೈನ್’ ಈಗ ಕ್ರಿಯಾಪದವೂ ಆಗಿದೆ. ‘ಅರ್ಜಿ ಆನ್‌ಲೈನ್ ಮಾಡಿಸಿದೀನಿ’ ಅನ್ನುತ್ತಾರೆ. ಇನ್ನೊಂದು ಗೊಂದಲ ‘ಲೇನ್’ ಜೊತೆಗಿನದು. ರಸ್ತೆಯಲ್ಲಿ ಗಾಡಿ ಹೋಗುವ ಪಟ್ಟೆ ಲೇನ್, ಅದರ ಅಂಚಿಗೆ ಬಳಿದ ಬಿಳಿ ಬಣ್ಣ ಲೈನ್. ‘ಲೈನ್ ಶಿಸ್ತು ಪಾಲಿಸಿ’ ಅಂತ ಬರೆದರೆ ಓದಿದವರು ಬಸ್‌ಸ್ಟಾಂಡಿನಲ್ಲಿ ನಿಲ್ಲುತ್ತಾರೆ, ಪಾಪ.

ನನಗೆ ಬಹಳ ಇಷ್ಟವಾದದ್ದು ಇಂಗ್ಲಿಷಿನ ಜೋಡುಪದಗಳಿಗೆ ಕನ್ನಡ ಕೊಟ್ಟ ಉತ್ತರ. ‘ಹೆಲ್ಪ್‌ಲೈನ್’ ತಗೊಳ್ಳಿ. ‘ಸಹಾಯ ರೇಖೆ’ ಆಗಬಹುದಿತ್ತು, ಆಗಲಿಲ್ಲ. ‘ಸಹಾಯವಾಣಿ’ ಆಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರು ಮಾಡಿದ ರೇಡಿಯೋ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಿತ್ತು. ಆಮೇಲೆ ದೂರವಾಣಿ ಇತ್ತು. ಅದೇ ಅಚ್ಚಿನಲ್ಲಿ ಸಹಾಯವಾಣಿ ಸಲೀಸಾಗಿ ಕೂತಿತು. ಅಲ್ಲಿ ತಂತಿ ಮುಖ್ಯ ಅಲ್ಲ, ಆ ಕಡೆಯ ದನಿ ಮುಖ್ಯ ಅಂತ ಪದ ಕಟ್ಟಿದವರಿಗೆ ಗೊತ್ತಿತ್ತು. ‘ಫ್ರಂಟ್‌ಲೈನ್’ಗೆ ‘ಮುಂಚೂಣಿ’, ‘ಗೈಡ್‌ಲೈನ್’ಗೆ ‘ಮಾರ್ಗಸೂಚಿ’, ‘ಲೈಫ್‌ಲೈನ್’ಗೆ ‘ಜೀವನಾಡಿ’. ಒಂದರಲ್ಲೂ ಗೆರೆಯಿಲ್ಲ, ಸಾಲಿಲ್ಲ. ‘ಔಟ್‌ಲೈನ್’ ಒಂದರಲ್ಲಿ ರೇಖೆ ಉಳಿದಿದೆ, ಅದೂ ವೇಷ ಮರೆಸಿಕೊಂಡು. ‘ರೂಪುರೇಷೆ’ಯ ರೇಷೆ ರೇಖೆಯೇ. ಅದನ್ನು ‘ರೂಪರೇಖೆ’ ಎಂದು ತಿದ್ದುವ ಹುರುಪು ಕೆಲವರಿಗಿದೆ. ಎರಡೂ ಇರಲಿ ಬಿಡಿ.

‘ಡೆಡ್‌ಲೈನ್’ ಕಥೆ ಸ್ವಲ್ಪ ಭೀಕರ. ಅಮೆರಿಕದ ಅಂತರ್ಯುದ್ಧದ ಕಾಲ, 1864. ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಹೊರಗೋಡೆಯಿಂದ ಕೆಲವು ಅಡಿ ಒಳಕ್ಕೆ ಒಂದು ಕುಳ್ಳ ಬೇಲಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯಬಹುದಿತ್ತು. ಅದರ ಹೆಸರು ಡೆಡ್‌ಲೈನ್. ಕೆಲಸ ಮುಗಿಸಬೇಕಾದ ವೇಳೆ ಅನ್ನುವ ಅರ್ಥ ಇಪ್ಪತ್ತನೇ ಶತಮಾನದಲ್ಲಿ ಪತ್ರಿಕೆಯವರಿಂದ ಹಬ್ಬಿತು. ಕನ್ನಡದ ‘ಗಡುವು’ ಯಾರನ್ನೂ ಕೊಲ್ಲುವುದಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡುತ್ತದೆ.

ನುಡಿಗಟ್ಟುಗಳಲ್ಲೂ ಇದೇ ದಾರಿ ಹಿಡಿಯಬೇಕು. ‘ರೀಡ್ ಬಿಟ್ವೀನ್ ದ ಲೈನ್ಸ್’ಗೆ ‘ಸಾಲುಗಳ ನಡುವೆ ಓದು’ ಅಂತ ಈಗ ಎಲ್ಲೆಡೆ ಕಾಣುತ್ತದೆ. ತಪ್ಪೇನಲ್ಲ, ಆದರೆ ‘ಒಳದನಿ ಹಿಡಿ’, ‘ಹೇಳದೆ ಬಿಟ್ಟದ್ದನ್ನು ನೋಡು’ ಅಂದರೆ ಓದುವವರಿಗೆ ಹತ್ತಿರ. ‘ಬಾಟಮ್ ಲೈನ್’ ಲೆಕ್ಕದ ಪುಸ್ತಕದ ಕಟ್ಟಕಡೆಯ ಸಾಲು, ಲಾಭವೋ ನಷ್ಟವೋ ಕಾಣುವ ಜಾಗ. ಮಾತಿನಲ್ಲಿ ಬಂದಾಗ ‘ಕೊನೆಗೆ ವಿಷಯ ಇಷ್ಟೇ’. ನಟರು ‘ಲೈನ್ಸ್ ಮರೆತೆ’ ಅಂದರೆ ಮಾತು ಮರೆತೆ.

ನನಗೆ ಇನ್ನೂ ಸಮಾಧಾನ ಕೊಡದಿರುವುದು ‘ಪಂಚ್‌ಲೈನ್’. ಟಿವಿಯವರು ‘ಪಂಚ್’ ಅಂತ ಅರ್ಧ ಉಳಿಸಿಕೊಂಡಿದ್ದಾರೆ. ‘ಚಾಟಿಮಾತು’ ಅಂದರೆ ಬೈಗುಳದ ವಾಸನೆ ಬರುತ್ತದೆ, ‘ಕೊಸರು’ ಅಂದರೆ ತೂಕ ಕಡಿಮೆ. ಹಾಸ್ಯದ ಕೊನೆಯಲ್ಲಿ ಎಲ್ಲರೂ ಕಾಯುತ್ತಿರುವ ಆ ಒಂದು ಮಾತಿಗೆ ತಾಳಮದ್ದಳೆಯ ಅರ್ಥಧಾರಿಗಳು, ಹರಿಕಥೆ ದಾಸರು, ವೃತ್ತಿನಾಟಕದವರು ಏನಾದರೂ ಹೆಸರು ಇಟ್ಟುಕೊಂಡಿದ್ದಾರೆಯೇ? ಕೇಳಿದವರಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.