ಜೋಡಿ ನಳಿಗೆ ಕೋವಿ: ಟ್ರಿಗರ್ ಒಂದೋ ಎರಡೋ, ಹಿಡಿ ಹೇಗಿರಬೇಕು?

ಪ್ರಶ್ನೆ (ಹೆಬ್ರಿ ಕಡೆಯ ಅಡಿಕೆ ಬೆಳೆಗಾರರು): ನಮಸ್ಕಾರ ಅಣ್ಣಾ. ಅಪ್ಪನ ಬೆಳೆ ರಕ್ಷಣೆ ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಹಳೆಯ ಒಂಟಿ ನಳಿಗೆ ಕೊಟ್ಟು 12 ಬೋರ್ ಜೋಡಿ ನಳಿಗೆ ತಗೊಳ್ಳುವ ಅಂತ. ಎರಡು ಕೋವಿ ನೋಡಿ ಬಂದೆ. ಒಂದಕ್ಕೆ ನಳಿಗೆ ಅಕ್ಕಪಕ್ಕ, ಟ್ರಿಗರ್ ಎರಡು, ಹಿಡಿ ನೇರ. ಇನ್ನೊಂದಕ್ಕೆ ನಳಿಗೆ ಮೇಲೊಂದು ಕೆಳಗೊಂದು, ಒಂದೇ ಟ್ರಿಗರ್, ಹಿಡಿ ಪಿಸ್ತೂಲಿನ ಹಾಗೆ ಬಾಗಿದೆ. ಎರಡನೆಯದು ಕೈಗೆ ಚೆನ್ನಾಗಿ ಕೂತಿತು. ಯಾವುದು ತಗೊಳ್ಳಲಿ?

ಉತ್ತರ (ಮಂಗಳೂರಿನಲ್ಲಿ ಲೈಸೆನ್ಸ್ ಇಟ್ಟು ಕೋವಿ ರಿಪೇರಿ ಮಾಡುವವರು): ನಮಸ್ಕಾರ. ಹಿಡಿಯನ್ನೂ ಟ್ರಿಗರನ್ನೂ ಬೇರೆ ಬೇರೆಯಾಗಿ ನೋಡಬೇಡಿ, ಅವೆರಡೂ ಜೊತೆ.

ಎರಡು ಟ್ರಿಗರ್ ಇದ್ದರೆ ಸಾಮಾನ್ಯವಾಗಿ ಮುಂದಿನದು ಬಲಗಡೆ ನಳಿಗೆಗೆ, ಹಿಂದಿನದು ಎಡಗಡೆ ನಳಿಗೆಗೆ. ಮುಂದಿನದನ್ನು ಎಳೆದ ಮೇಲೆ ಬೆರಳು ಸುಮಾರು ಒಂದು ಇಂಚು ಹಿಂದೆ ಬರಬೇಕು. ಹಿಡಿ ನೇರ ಇದ್ದರೆ ಇಡೀ ಅಂಗೈ ಮರದ ಮೇಲೆ ಹಿಂದಕ್ಕೆ ಜಾರುತ್ತದೆ. ಬಾಗಿದ ಹಿಡಿಯಲ್ಲಿ ಅಂಗೈ ಒಂದೇ ಕಡೆ ಕಚ್ಚಿಕೊಂಡಿರುತ್ತದೆ, ಬೆರಳು ಮಾತ್ರ ಮಡಚಬೇಕು. ಒಂದೇ ಟ್ರಿಗರ್ ಆದರೆ ಕೈ ಸರಿಸುವ ಕೆಲಸವೇ ಇಲ್ಲ. ಆಗ ಬಾಗಿದ ಹಿಡಿಯೇ ಸುಖ, ಮಣಿಕಟ್ಟಿಗೆ ನೋವಿಲ್ಲ. ನಿಮಗೆ ಅಂಗಡಿಯಲ್ಲಿ ಅದು ಚೆನ್ನಾಗಿ ಕಂಡದ್ದು ಇದಕ್ಕೇ.

ಆದರೂ ನಿಮ್ಮ ತೋಟಕ್ಕೆ ನಾನು ಹೇಳುವುದು ಎರಡು ಟ್ರಿಗರಿನದ್ದೇ. ಕಾರಣ ನಮ್ಮ ಮಳೆ.

ಒಂದು ಟ್ರಿಗರಿನ ಬಹಳ ಕೋವಿಗಳಲ್ಲಿ ಮೊದಲ ಈಡಿನ ಒದೆತದಿಂದಲೇ ಒಳಗಿನ ಬಿಲ್ಲೆ ಸರಿದು ಎರಡನೇ ನಳಿಗೆಗೆ ಕೂರುವುದು. ತೋಟೆ ತಂಡಿ ಹಿಡಿದು ಹಾರಲಿಲ್ಲ ಅಂದರೆ ಒದೆತ ಇಲ್ಲ. ಒದೆತ ಇಲ್ಲದಿದ್ದರೆ ಎರಡನೇ ನಳಿಗೆಯೂ ಇಲ್ಲ. ಎರಡು ಟ್ರಿಗರಿನಲ್ಲಿ ಈ ರಗಳೆ ಇಲ್ಲ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಒಬ್ಬರು ಒಂದು ಟ್ರಿಗರಿನ ಕೋವಿ ತಂದಿದ್ದರು. ಲಾಕ್, ಅಂದರೆ ಈಡು ಹಾರಿಸುವ ಒಳಗಿನ ಯಂತ್ರ, ಬಿಚ್ಚಿದೆ. ಒಳಗೆ ತೆಂಗಿನೆಣ್ಣೆ, ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಬಿಲ್ಲೆಯನ್ನು ಉಗುರಿನಿಂದ ದೂಡಿದರೂ ಅಲ್ಲಾಡಲಿಲ್ಲ. ದಯವಿಟ್ಟು ಕೋವಿಗೆ ತೆಂಗಿನೆಣ್ಣೆ ಹಾಕಬೇಡಿ. ಮೆಷಿನ್ ಎಣ್ಣೆ, ಅದೂ ಒಂದು ಹನಿ ಸಾಕು.

ತೋಟೆ ಹಾರದಿದ್ದರೆ ಕೂಡಲೇ ಕೋವಿ ತೆರೆದು ನೋಡಬಾರದು. ನಳಿಗೆಯನ್ನು ಜನ, ದನ ಇಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ತಡವಾಗಿ ಹಾರುವುದುಂಟು.

ಪ್ರಶ್ನೆ (ಅವರೇ): ಒಂದು ಟ್ರಿಗರಿನ ಎಲ್ಲಾ ಕೋವಿಯೂ ಹೀಗೆಯಾ?

ಉತ್ತರ: ಇಲ್ಲ. ಒದೆತ ಬೇಡದ, ಬರೀ ಯಂತ್ರದಿಂದಲೇ ಬದಲಾಗುವ ಟ್ರಿಗರೂ ಇದೆ. ತಗೊಳ್ಳುವ ಮೊದಲು ಅಂಗಡಿಯವರ ಹತ್ತಿರವೇ ಪರೀಕ್ಷೆ ಮಾಡಿಸಿ. ಎರಡೂ ನಳಿಗೆ ಖಾಲಿ ಅಂತ ಕಣ್ಣಾರೆ ನೋಡಿ. ಡಮ್ಮಿ (ಮದ್ದಿಲ್ಲದ) ತೋಟೆ ಹಾಕಿ ಒಮ್ಮೆ ಎಳೆಯಿರಿ, ಬೆರಳು ಬಿಟ್ಟು ಇನ್ನೊಮ್ಮೆ ಎಳೆಯಿರಿ. ಎರಡನೇ ಸಲವೂ ಟಕ್ ಅಂದರೆ ಯಂತ್ರದ್ದು. ಬಟ್ಟನ್ನು (ಹೆಗಲಿಗೆ ಒತ್ತುವ ಮರದ ಹಿಂತುದಿ) ಅಂಗೈಯಿಂದ ಗುದ್ದಿದ ಮೇಲೆಯೇ ಟಕ್ ಅಂದರೆ ಒದೆತದ್ದು.

ಇನ್ನೊಂದು ಮಾತು. ಅಕ್ಕಪಕ್ಕದ ಕೋವಿಯಲ್ಲಿ ಹೆಚ್ಚಾಗಿ ಬಲ ನಳಿಗೆಯ ಚೋಕ್ (ತುದಿಯ ಬಿಗಿತ) ಸಡಿಲ, ಎಡದ್ದು ಬಿಗಿ. ಸಡಿಲದಲ್ಲಿ ಚರೆ ಹತ್ತಿರದಲ್ಲೇ ಹರಡುತ್ತದೆ, ಬಿಗಿಯಲ್ಲಿ ದೂರದವರೆಗೆ ಒಟ್ಟಿಗೆ ಹೋಗುತ್ತದೆ. ಎರಡು ಟ್ರಿಗರ್ ಇದ್ದರೆ ಯಾವುದು ಬೇಕೋ ಅದನ್ನೇ ಎಳೆದರಾಯಿತು. ಒಂದು ಟ್ರಿಗರಿನಲ್ಲಿ ಅದಕ್ಕೊಂದು ಗುಂಡಿ ಒತ್ತಬೇಕು, ಕೆಲವಕ್ಕೆ ಗುಂಡಿಯೂ ಇರುವುದಿಲ್ಲ. ಅವಸರದಲ್ಲಿ ಆ ಗುಂಡಿ ಯಾರಿಗೂ ನೆನಪಾಗುವುದಿಲ್ಲ.

ಪ್ರಶ್ನೆ (ಕಾರ್ಕಳದಿಂದ): ಸರ್, ನನ್ನದು ಎರಡು ಟ್ರಿಗರಿನದ್ದೇ. ಈಡು ಹಾರಿದಾಗೆಲ್ಲ ಟ್ರಿಗರ್ ಸುತ್ತಲಿನ ಬಳೆ, ಆ ಗಾರ್ಡ್, ಬಂದು ನಡುಬೆರಳಿಗೆ ಬಡಿಯುತ್ತದೆ. ಗಂಟು ಬಾತುಕೊಂಡಿದೆ. ಟ್ರಿಗರ್ ಸ್ವಲ್ಪ ಅರ ಹಾಕಿ ಹಗುರ ಮಾಡಿದರೆ ಸರಿ ಆಗ್ತದಾ?

ಉತ್ತರ: ಅರಕ್ಕೆ ಕೈ ಹಾಕಲೇಬೇಡಿ! ಮುಂದಿನ ಟ್ರಿಗರಿಗೆ ಸುಮಾರು ಒಂದೂವರೆಯಿಂದ ಎರಡು ಕಿಲೋ ಬಲ ಬೇಕು, ಹಿಂದಿನದಕ್ಕೆ ಸ್ವಲ್ಪ ಜಾಸ್ತಿ. ಅದಕ್ಕಿಂತ ಹಗುರ ಮಾಡಿದರೆ ಕೋವಿ ನೆಲಕ್ಕೆ ತಾಗಿದರೂ ಹಾರಬಹುದು. ಲೈಸೆನ್ಸ್ ಇಲ್ಲದವರ ಹತ್ತಿರ ಕೋವಿ ಬಿಚ್ಚಿಸುವುದು ಕಾನೂನಿಗೂ ವಿರುದ್ಧ.

ನಿಮ್ಮ ತೊಂದರೆ ಟ್ರಿಗರಿನದ್ದಲ್ಲ, ಉದ್ದದ್ದು. ಮುಂದಿನ ಟ್ರಿಗರಿನಿಂದ ಬಟ್ಟಿನ ನಡುವಿನವರೆಗೆ ಟೇಪ್ ಹಿಡಿಯಿರಿ. ಸಾಧಾರಣ ಎತ್ತರದವರಿಗೆ 14ರಿಂದ 14½ ಇಂಚು ಬೇಕಾಗುತ್ತದೆ. ನಿಮ್ಮದು ಕಡಿಮೆ ಇದ್ದರೆ ಬಟ್ಟಿಗೆ ರಬ್ಬರ್ ಪ್ಯಾಡ್ ಹಾಕಿಸಿ. ಹಾಗೆಯೇ ಹಿಡಿಯನ್ನು ಅರ್ಧ ಇಂಚು ಹಿಂದೆ ಹಿಡಿದು ನೋಡಿ. ನಡುಬೆರಳು ಗಾರ್ಡಿಗೆ ಒತ್ತಿಕೊಂಡಿರಬಾರದು.

ಪ್ರಶ್ನೆ (ಸುರತ್ಕಲ್‌ನಿಂದ, ತಾಯಿ ಒಬ್ಬರು): ಮಗಳಿಗೆ ಟ್ರ್ಯಾಪ್ ಶೂಟಿಂಗ್ (ಗಾಳಿಯಲ್ಲಿ ಹಾರುವ ತಟ್ಟೆಗೆ ಹೊಡೆಯುವ ಆಟ) ಕಲಿಯುವ ಆಸೆ. ಅವಳಿಗೂ ಎರಡು ಟ್ರಿಗರಿನದ್ದೇನಾ?

ಉತ್ತರ: ಇಲ್ಲಮ್ಮ, ಅಲ್ಲಿ ಲೆಕ್ಕ ತಿರುಗಿತು. ಮೇಲೆ ಕೆಳಗೆ ನಳಿಗೆ, ಒಂದು ಟ್ರಿಗರ್, ಬಾಗಿದ ಹಿಡಿ. ರೇಂಜಿನಲ್ಲಿ ತೋಟೆ ಹೊಸದು, ಕೋವಿ ಒಣಗಿರುತ್ತದೆ. ದಿನಕ್ಕೆ ನೂರು ಸಲ ಎತ್ತಬೇಕು, ಪ್ರತಿ ಸಲವೂ ಕೈ ಅದೇ ಜಾಗದಲ್ಲಿ ಕೂರಬೇಕು. ಆದರೆ ಮೊದಲೇ ಕೊಳ್ಳಬೇಡಿ. ಕೋಚ್ ಹೇಳಿದ ಮೇಲೆ, ಅವಳ ಕೈ ಅಳತೆ ನೋಡಿ ತಗೊಳ್ಳಿ. ದೊಡ್ಡವರ ಹಿಡಿಯಲ್ಲಿ ಅವಳ ಬೆರಳು ಟ್ರಿಗರಿಗೆ ಮುಟ್ಟದೇ ಹೋಗಬಹುದು.

ಪ್ರಶ್ನೆ (ಹೆಬ್ರಿಯವರು): ಅಣ್ಣಾ, ಎರಡು ಟ್ರಿಗರಿನದ್ದೇ ಆಗಲಿ. ಆದರೆ ನೇರ ಹಿಡಿಯಲ್ಲಿ ಮಣಿಕಟ್ಟು ಎಳೆದ ಹಾಗೆ ಆಗ್ತದೆ. ನಡುವೆ ಏನೂ ಇಲ್ವಾ?

ಉತ್ತರ: ಇದೆ. ಪ್ರಿನ್ಸ್ ಆಫ್ ವೇಲ್ಸ್ ಅಂತ ಕರೆಯುವ ಅರೆಬಾಗಿದ ಹಿಡಿ, ತುದಿ ಗುಂಡಗೆ. ಕೈಯೂ ಜಾರುತ್ತದೆ, ಮಣಿಕಟ್ಟಿಗೂ ಆಧಾರ. ನಿಮಗೆ ಅದೇ ಸರಿ ಅಂತ ನನಗನಿಸುತ್ತದೆ. ಆ ತರದ್ದು ಸಿಕ್ಕಿದರೆ ಖಾಲಿ ಕೋವಿಯನ್ನು ಗೋಡೆಯ ಕಡೆಗೆ, ಕಣ್ಣು ಮುಚ್ಚಿಕೊಂಡು ಹೆಗಲಿಗೆ ಏರಿಸಿ. ಆಮೇಲೆ ಕಣ್ಣು ಬಿಡಿ. ದೃಷ್ಟಿ ನಳಿಗೆಯ ನಡುವಿನ ಪಟ್ಟಿಯ ಮೇಲೆ ನೇರ ಹೋಗಬೇಕು. ನಳಿಗೆಯ ಪಕ್ಕ ಕಂಡರೆ ಆ ಮರ ನಿಮ್ಮ ಅಳತೆಯದ್ದಲ್ಲ. ಹತ್ತು ಸಲ ಮಾಡಿ, ಎಂಟು ಸಲ ಸರಿ ಬಂದರೆ ದುಡ್ಡು ಕೊಡಿ.