ಪದಚರ್ಚೆ: ಚಹಾದ ಮೊದಲ ಚಿಗುರಿಗೆ ‘ಕೊಯ್ಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಚೀನಾ, ಜಪಾನಿನ ಚಹಾದ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ‘ಫಸ್ಟ್ ಫ್ಲಶ್’ ಅಂತಾರಲ್ಲ, ಚಳಿಗಾಲವಿಡೀ ಸುಮ್ಮನಿದ್ದ ಗಿಡ ವಸಂತದಲ್ಲಿ ಬಿಡುವ ಮೊದಲ ಚಿಗುರು, ಡಾರ್ಜಿಲಿಂಗಿನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸಿಗುವಂಥದ್ದು, ಅದೇ.

‘ವಸಂತದ ಕೊಯ್ಲು’ ಅಂತ ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಶಂಕರಪುರದವರು, ದಿನಾ ಬೆಳಿಗ್ಗೆ ಮಲ್ಲಿಗೆ ಕೊಯ್ಯುವವರು. “ಹೂ ಕೊಯ್ಯುವುದು ಸರಿ, ಅಡಿಕೆ ಕೊಯ್ಯುವುದೂ ಸರಿ. ಕುಡಿಯನ್ನು ಯಾರಾದರೂ ಕೊಯ್ತಾರಾ ಮಾರಾಯ, ಚಿವುಟುವುದಲ್ವಾ?” ಅಂದರು. ತಂಬುಳಿಗೆ ಹೇಗೂ ಬೇಕಿತ್ತು, ಹಿತ್ತಿಲಿನ ಪೇರಳೆ ಗಿಡದಿಂದ ನಾಲ್ಕು ಕುಡಿ ಚಿವುಟಿ ತೋರಿಸಿದರು. ಉಗುರು ತಾಗಿಸದೆ ಎರಡೇ ಬೆರಳು, ಟಕ್ ಅಂತ ಸಣ್ಣ ಸದ್ದು. ಕೈಗೆ ಬಂದದ್ದು ಎರಡು ಎಳೆ ಎಲೆ, ನಡುವೆ ಇನ್ನೂ ಬಿಚ್ಚದ ತುದಿ. ಚಹಾ ತೋಟದವರ ಲೆಕ್ಕವೂ ಅದೇ, ಎರಡೆಲೆ ಒಂದು ಕುಡಿ.

ಸರಿ, ‘ಕುಡಿ ಚಿವುಟುವುದು’ ಅಂತ ಇಟ್ಟುಕೊಂಡೆ. ಆದರೆ ‘ಚಾ ಕುಡಿ’ ಅಂತ ಬರೆದರೆ ಓದುವವರಿಗೆ ಲೋಟ ಕೈಗೆ ಕೊಟ್ಟು ಗದರಿಸಿದ ಹಾಗಾಗುತ್ತದೆ! ತುಳುವಿನ ‘ಕೊಡಿ’ ಹಾಕಿದರೆ ‘ಚಾ ಕೊಡಿ’ ಅಂತ ಕೇಳಿದ ಹಾಗಾಗುತ್ತದೆ, ಅದು ಚಿಗುರು ಅಂತ ಘಟ್ಟದ ಮೇಲಿನವರಿಗೆ ಗೊತ್ತಾಗಲಿಕ್ಕೂ ಇಲ್ಲ. (‘ಚಾ’ ಅಂತ ಬರೆದದ್ದಕ್ಕೆ ಬೈಯಬೇಡಿ. ನಮ್ಮ ಮಂಗಳೂರಿನಲ್ಲಿ ಅದು ಚಾ, ಚೀನಾದ ಹೆಚ್ಚಿನ ಕಡೆಯೂ ಚಾ.)

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು: ಆ ಮೊದಲ ಚಿಗುರಿನಿಂದ ಮಾಡಿದ ಚಹಾಕ್ಕೆ ಏನನ್ನುವುದು? ಚೀನಾದಲ್ಲಿ ಏಪ್ರಿಲ್ 4 ಅಥವಾ 5ರ ಹೊತ್ತಿಗೆ ಛಿಂಗ್‌ಮಿಂಗ್, ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ದಿನ. ಅದಕ್ಕಿಂತ ಮುಂಚೆ ಚಿವುಟಿದ ಚಹಾಕ್ಕೆ, ಹಾಂಗ್‌ಝೌ ಕಡೆಯ ಲುಂಗ್‌ಜಿಂಗ್ ಎಂಬ ಹಸಿರು ಚಹಾಕ್ಕಂತೂ, ಬೆಲೆಯೂ ಜಾಸ್ತಿ ಮರ್ಯಾದೆಯೂ ಜಾಸ್ತಿ. ಜಪಾನಿನವರು ಹಳೆ ಪಂಚಾಂಗದಲ್ಲಿ ವಸಂತ ಶುರುವಾಗುವ ದಿನದಿಂದ 88 ದಿನ ಎಣಿಸುತ್ತಾರೆ, ಅದು ಮೇ ಮೊದಲ ಒಂದೆರಡು ದಿನಕ್ಕೆ ಬರುತ್ತದೆ. ಆವತ್ತು ಚಿವುಟಿದ್ದನ್ನು ಕುಡಿದರೆ ವರ್ಷವಿಡೀ ಆರೋಗ್ಯ ಅಂತ ನಂಬಿಕೆ. ಅವರ ಪದ ‘ಶಿಂಚಾ’, ಬಿಡಿಸಿದರೆ ಹೊಸ ಚಾ.

ವಸಂತ ಅಂದರೆ ನಮಗೆ ಬಿಸು, ಸೆಖೆ, ಗೇರುಹಣ್ಣು. ಆದರೂ ಇದನ್ನು ಓದುವಾಗ ನನಗೆ ನೆನಪಾದದ್ದು ಹೊಸಕ್ಕಿ ಊಟ. ತೆನೆ ಕಟ್ಟಿ, ಹೊಸ ಅಕ್ಕಿ ಬೇಯಿಸಿ, ಮನೆಯ ಹಿರಿಯರಿಗೆ ಕೈಮುಗಿದು ಉಣ್ಣುತ್ತೇವಲ್ಲ, ಆ ‘ಹೊಸ’ ಬರೀ ತಾಜಾ ಅಲ್ಲ. ಅದಕ್ಕೇ ‘ಹೊಸ ಚಾ’ ಅಂತಲೇ ಬರೆಯುವ ಮನಸ್ಸು. ಬೆಂಗಳೂರಿನ ಗೆಳೆಯ ಮಾತ್ರ “ಈಗ ತಾನೇ ಮಾಡಿದ ಟೀನಾ?” ಅಂತ ಕೇಳಿದ.

ಚಿಕ್ಕಮಗಳೂರು, ಕೊಡಗು, ನೀಲಗಿರಿಯ ಚಹಾ ತೋಟ ಕಂಡವರು ಇದ್ದರೆ ಹೇಳಿ: ಅಲ್ಲಿ ಕನ್ನಡ ಆಡುವವರು ಕೀಳುವುದು ಅಂತಾರಾ, ಚಿವುಟುವುದು ಅಂತಾರಾ? ಮೊದಲ ಚಿಗುರಿಗೆ ಬೇರೆಯೇ ಹೆಸರು ಉಂಟಾ? ಮತ್ತೆ ‘ಹೊಸ ಚಾ’ ಅಂದಾಗ ನಿಮಗೆ ಹೊಸಕ್ಕಿ ನೆನಪಾಯಿತಾ, ಹೋಟೆಲಿನ ಲೋಟ ನೆನಪಾಯಿತಾ?